ನಿಲ್ಲಿಸಿದವರ ಹೆಸರು

ನಮ್ಮೂರಿನಲ್ಲಿ ಮಿಕ್ಸಿ ಕೆಟ್ಟಿತೆಂದು ರಿಪೇರಿ ಅಂಗಡಿಗೆ ಒಯ್ದರೆ ಅಂಗಡಿಯವನು ಸ್ಕ್ರೂಡ್ರೈವರ್ ಮುಟ್ಟುವ ಮುಂಚೆ ಕೇಳುವುದು ಒಂದೇ ಮಾತು, "ಯಾರ್ ನಿಲ್ಸಿದ್ದು?" ಅತ್ತೆ ನಿಲ್ಲಿಸಿದ್ದನ್ನು ಸೊಸೆ ಶುರು ಮಾಡಲು ಹೋಗಿದ್ದಳು ಎಂದು ಗೊತ್ತಾದರೆ ಅವನು ಮಿಕ್ಸಿಯನ್ನು ಹಾಗೇ ವಾಪಸು ಕೊಟ್ಟು, ಅತ್ತೆಗೆ ನಮಸ್ಕಾರ ಹೇಳಿ ಎನ್ನುತ್ತಾನೆ. ನಿಲ್ಲಿಸಿದ ಕೈಯೇ ಶುರು ಮಾಡಬೇಕು, ಅಷ್ಟೆ. ದೀಪಕ್ಕೆ, ರೇಡಿಯೋಗೆ, ಇಸ್ತ್ರಿಪೆಟ್ಟಿಗೆಗೆ ಈ ಹಟವಿಲ್ಲ. ತಿರುಗುವುದಕ್ಕೆ ಮಾತ್ರ ಇದೆ. ಫ್ಯಾನು, ಪಂಪು, ಹೊಲಿಗೆ ಮಷೀನು, ಬಸ್ಸಿನ ಎಂಜಿನ್ನು, ಹಲ್ಲು ಡಾಕ್ಟರ ಕೊರೆಯುವ ಯಂತ್ರ, ಎಲ್ಲವೂ ಇದೇ ಜಾತಿ. ಕರೆಂಟು ಹೋಗಿ ನಿಂತರೆ ಅದು ಯಾರ ಕೈಯೂ ಅಲ್ಲ, ಬಂದ ಮೇಲೆ ಯಾರು ಬೇಕಾದರೂ ಶುರು ಮಾಡಬಹುದು. ಹಾಗಾಗಿ ಕರೆಂಟು ಹೋದರೆ ನಮ್ಮೂರಿನ ಎಷ್ಟೋ ಮನೆಗಳಲ್ಲಿ ಬೈಗುಳದ ಬದಲು ಸಂತೋಷ ಕಾಣುತ್ತದೆ.

ಜನ ಇದಕ್ಕೆ ಹೊಂದಿಕೊಂಡಿದ್ದಾರೆ. ಬಸ್ಸಿನ ಡ್ರೈವರು ಪಾಳಿ ಬದಲಾಗುವಾಗ ಎಂಜಿನ್ನು ನಿಲ್ಲಿಸದೆ ಇಳಿಯುತ್ತಾನೆ. ಮದುವೆಯಾಗಿ ಗಂಡನ ಮನೆಗೆ ಹೊರಡುವ ಹುಡುಗಿ ತವರಿನಲ್ಲಿ ತಾನು ನಿಲ್ಲಿಸಿದ್ದ ಫ್ಯಾನು, ಮಿಕ್ಸಿ, ಬಾವಿಯ ಪಂಪು ಎಲ್ಲವನ್ನೂ ತಾನೇ ಶುರು ಮಾಡಿ ನಿಲ್ಲುತ್ತಾಳೆ. ತಾಯಿಯೋ ತಮ್ಮನೋ ಒಂದೊಂದಾಗಿ ನಿಲ್ಲಿಸುತ್ತಾರೆ. ಇದಕ್ಕೆ ಕೈ ಬಿಡಿಸುವ ಶಾಸ್ತ್ರ ಎಂದು ಹೆಸರು. ಮನೆಯ ಫ್ಯಾನುಗಳೆಲ್ಲ ಒಟ್ಟಿಗೆ ತಿರುಗಿ, ಸೀರೆಯ ಸೆರಗು ಹಾರಾಡಿ, ಆ ಗಾಳಿಯಲ್ಲಿ ಹೆಂಗಸರು ಅಳುತ್ತಾರೆ. ಊರು ಬಿಟ್ಟು ಹೋಗುವವರು ಯಾರೇ ಆಗಲಿ ಕೈ ಬಿಡಿಸಿಕೊಂಡೇ ಹೋಗುವುದು ಮರ್ಯಾದೆ. ಹಾಗೆ ಮಾಡದೆ ಹೋದವನನ್ನು ಜನ ಬಹಳ ದಿನ ಆಡಿಕೊಳ್ಳುತ್ತಾರೆ.

ಸತ್ತವರ ಕೈ ಮಾತ್ರ ತಾನಾಗಿ ಬಿಡುತ್ತದೆ. ಯಾರಾದರೂ ಆಸ್ಪತ್ರೆ ಸೇರಿ ಕಷ್ಟದಲ್ಲಿದ್ದರೆ, ಮನೆಯವರಲ್ಲಿ ಒಬ್ಬರು ಮಂಚದ ಪಕ್ಕ ಕೂತರೆ ಇನ್ನೊಬ್ಬರು ಮನೆಯಲ್ಲಿ ಅವರು ಕಡೆಯದಾಗಿ ನಿಲ್ಲಿಸಿದ ಫ್ಯಾನಿನ ಸ್ವಿಚ್ಚಿನ ಹತ್ತಿರ ಕೂತು ಆಗಾಗ ಒತ್ತಿ ನೋಡುತ್ತಾರೆ. ಫ್ಯಾನು ತಿರುಗಿತೆಂದರೆ ಅಳು ಶುರು. ಡಾಕ್ಟರ ಚೀಟಿ ನಿಧಾನವಾಗಿ ಬರುತ್ತದೆ.

ಇಂಥ ಊರಿನಲ್ಲಿ ಎಲೆಕ್ಟ್ರೋಮೆಕ್ಯಾನಿಕಲ್ ಎಂಜಿನಿಯರಿಂಗ್ ಟೆಕ್ನಾಲಜಿ ಎಂಬ ನಾಲ್ಕು ವರ್ಷದ ಪದವಿ ಓದುವುದು ಎಂದರೆ ಏನೆಂದು ಹೊರಗಿನವರಿಗೆ ಹೇಳುವುದು ಕಷ್ಟ. ಊರಿನವರು ಅದನ್ನು 'ಕರೆಂಟು ಕಬ್ಬಿಣ' ಎಂದು ಕರೆಯುತ್ತಾರೆ. "ಸಿದ್ಧಗಂಗಮ್ಮನ ಮಗಳು ದಾಕ್ಷಾಯಿಣಿ ಏನ್ ಓದ್ತಾಳೆ?" "ಕರೆಂಟು ಕಬ್ಬಿಣ." ಕೇಳಿದವರು ತಲೆಯಾಡಿಸುತ್ತಿದ್ದರು. ನಮ್ಮ ಪಠ್ಯಪುಸ್ತಕಗಳು ಹೊರಗಿನಿಂದ ಬರುತ್ತಿದ್ದವು. ಅವುಗಳಲ್ಲಿ 'ಮೋಟಾರು ಶುರುವಾಗದಿರಲು ಕಾರಣಗಳು' ಎಂಬ ಪಾಠದಲ್ಲಿ ಒಂಬತ್ತು ಕಾರಣಗಳಿದ್ದವು. ಫ್ಯೂಸು ಹೋಗಿರುವುದು ಒಂದನೆಯದು, ಬೇರಿಂಗು ಹಿಡಿದಿರುವುದು ಒಂಬತ್ತನೆಯದು. ವರ್ಕ್‌ಶಾಪಿನ ಖಲಂದರ್ ಸಾಹೇಬರು ಮೊದಲ ದಿನವೇ ನಮ್ಮೆಲ್ಲರ ಕೈಯಲ್ಲಿ ಆ ಪಟ್ಟಿಯ ಮೇಲೆ ಪೆನ್ಸಿಲ್ಲಿನಲ್ಲಿ ಇನ್ನೊಂದು ಸಾಲು ಬರೆಸಿದರು: ಸೊನ್ನೆ, ನಿಲ್ಲಿಸಿದವರು ಬೇರೆ.

"ಪರೀಕ್ಷೇಲಿ ಇದನ್ನ ಬರೀಬೇಡಿ, ಪೇಪರ್ ತಿದ್ದೋರು ಹೊರಗಿನೋರು," ಎಂದರು. "ಆದ್ರೆ ಸೊನ್ನೆ ನೋಡ್ದೆ ಒಂದಕ್ಕೆ ಹೋಗ್ಬೇಡಿ. ಹಂಗೇ ಸೊನ್ನೆ ನೋಡಿದ್ವಿ ಅಂತ ಒಂಬತ್ತೂ ಬಿಡ್ಬೇಡಿ. ಈ ಊರಲ್ಲಿ ಅರ್ಧ ಮಷೀನುಗಳು ಸುಮ್ಮನೆ ಕೆಟ್ಟಿರ್ತಾವೆ. ಯಾರೂ ಬಿಚ್ಚಿ ನೋಡಿರಲ್ಲ."

ಖಲಂದರ್ ಸಾಹೇಬರು ಸಂಜೆ ಐದಕ್ಕೆ ಲ್ಯಾಬಿನ ಹದಿನಾಲ್ಕು ಮೋಟಾರುಗಳನ್ನೂ ಎರಡು ಲೇತುಗಳನ್ನೂ ತಾವೇ ನಿಲ್ಲಿಸಿ ಹೋಗುತ್ತಿದ್ದರು, ಬೆಳಿಗ್ಗೆ ತಾವೇ ಬಂದು ಶುರು ಮಾಡುತ್ತಿದ್ದರು. ಅವರಿಗೆ ಜ್ವರ ಬಂದರೆ ನಮಗೆ ರಜೆ. ಹಜ್‌ಗೆ ಹೋಗುವ ಮುಂಚೆ ಎಲ್ಲವನ್ನೂ ಪ್ರಿನ್ಸಿಪಾಲರ ಕೈಗೆ ಬಿಟ್ಟುಕೊಟ್ಟಿದ್ದರಂತೆ. ಪ್ರಿನ್ಸಿಪಾಲರು ಬೆಳಿಗ್ಗೆ ಹತ್ತಕ್ಕೆ ಮುಂಚೆ ಏಳುವವರಲ್ಲವಾದ್ದರಿಂದ ಆ ವರ್ಷದ ಹುಡುಗರಿಗೆ ಪ್ರಾಕ್ಟಿಕಲ್ಸ್ ಅರ್ಧವೂ ಮುಗಿಯಲಿಲ್ಲ.

ನಮ್ಮ ಮನೆಯ ಮುಂಭಾಗದಲ್ಲೇ ಒಂದು ಹಿಟ್ಟಿನ ಗಿರಣಿ ಇತ್ತು. ಅಪ್ಪ, ರೇವಣ್ಣ, ಅದನ್ನು ನಡೆಸುತ್ತಿದ್ದರು. ನನಗೆ ಏಳು ವರ್ಷವಾಗಿದ್ದಾಗ ಒಂದು ಸಂಜೆ ಕಡೆಯ ಗಿರಾಕಿಯ ಜೋಳ ಬೀಸಿ, ಕೆಂಪು ಗುಂಡಿ ಒತ್ತಿ ಗಿರಣಿ ನಿಲ್ಲಿಸಿ, ಹಿಟ್ಟು ಮೆತ್ತಿದ ಟೊಪ್ಪಿಗೆಯನ್ನು ಮೊಳೆಗೆ ಸಿಕ್ಕಿಸಿ, ಕಾಲು ತೊಳೆದುಕೊಂಡು ಹೊರಗೆ ಹೋದವರು ಬರಲಿಲ್ಲ. ನಾನು ಬಾಗಿಲಲ್ಲೇ ನಿಂತಿದ್ದೆ. ಜಗಳವಾಗಿರಲಿಲ್ಲ. ಯಾಕೆ ಹೋದರೆಂದು ನನಗೆ ಇವತ್ತಿಗೂ ಗೊತ್ತಿಲ್ಲ. ಕೈ ಬಿಡಿಸಿಕೊಳ್ಳದೆ ಹೋಗಿದ್ದರಿಂದ ಗಿರಣಿ ನಿಂತೇ ಹೋಯಿತು. ಹೆಂಡತಿ ಮಗುವಿನ ಅನ್ನಕ್ಕೆ ಬೀಗ ಹಾಕಿ ಹೋದ ಎಂದು ಓಣಿಯವರು ಅಂದರು. ಅಮ್ಮ ಹಾಗೆ ಅನ್ನಲಿಲ್ಲ.

ಮಾರನೆಯ ದಿನ ಬೆಳಿಗ್ಗೆ ಆರೂವರೆಗೆ ಅಮ್ಮ ನನ್ನ ಕೈ ಹಿಡಿದು ಗಿರಣಿಗೆ ಕರೆದುಕೊಂಡು ಹೋಗಿ ಹಸಿರು ಗುಂಡಿ ಒತ್ತಿದಳು. ಗೋಡೆಯ ಮೇಲಿನ ಸ್ಟಾರ್ಟರಿನ ಡಬ್ಬಿ ಟಕ್ ಎಂದು ಸುಮ್ಮನಾಯಿತು. ಬೆಲ್ಟು ಅಲುಗಾಡಲಿಲ್ಲ. "ಇದಾರೆ ನಿಮ್ಮಪ್ಪ," ಎಂದಳು. ಅಲ್ಲಿಂದ ಮುಂದೆ ಅದು ದಿನಚರಿಯಾಯಿತು. ಹಲ್ಲುಜ್ಜುವುದು, ಗಿರಣಿ ಒತ್ತುವುದು, ಕಾಫಿ. ನಾನು ಪಕ್ಕದಲ್ಲಿ ನಿಂತು, ಟಕ್ ಎಂದ ಕೂಡಲೇ ಕೇಕೆ ಹಾಕಿ ನಗುತ್ತಿದ್ದೆ, ನಗುತ್ತಲೇ ಶಾಲೆಗೆ ಹೋಗುತ್ತಿದ್ದೆ. ಎದುರುಮನೆ ಬಸಕ್ಕ ರಂಗೋಲಿ ಹಾಕುತ್ತ ಕೇಳುತ್ತಿದ್ದಳು, "ಏನಂತೆ ಸಿದ್ಧಗಂಗೂ ಗಿರಣಿ?" "ನಿಂತಿದೆ ಕಣಕ್ಕ," ಎಂದು ಅಮ್ಮ. ಅಂದರೆ ಅಪ್ಪ ಕ್ಷೇಮ. ಹೊಸ ಮೋಟಾರು ಹಾಕಿಸಿಕೋ, ನೀನೇ ನಡೆಸು ಎಂದು ನೆಂಟರು ಹೇಳಿದರೆ ಅಮ್ಮ ಒಪ್ಪಲಿಲ್ಲ. ಪಕ್ಕದ ಓಣಿಯಲ್ಲಿ ಇನ್ನೊಬ್ಬರ ಗಿರಣಿಗೆ ಕೂಲಿಗೆ ಹೋದಳು. ಹದಿನಾಲ್ಕು ವರ್ಷ ಬೇರೆಯವರ ಹಿಟ್ಟು ತುಂಬಿ, ಆ ಧೂಳಿಗೆ ಕೆಮ್ಮಿ, ನನ್ನನ್ನು ಪದವಿಯ ಕಡೆಯ ವರ್ಷದವರೆಗೆ ತಂದಳು. ನಾನು ಎಂಜಿನಿಯರಾಗಬೇಕು ಎನ್ನುವುದೊಂದೇ ಅವಳು ಬಾಯಿಬಿಟ್ಟು ಕೇಳಿದ್ದು.

ಕಡೆಯ ವರ್ಷದಲ್ಲಿ ಪ್ರತಿಯೊಬ್ಬರೂ ಬಹಳ ಕಾಲದಿಂದ ನಿಂತಿರುವ ಒಂದು ಯಂತ್ರವನ್ನು ಆರಿಸಿಕೊಂಡು, ಶುರು ಮಾಡುವುದೊಂದನ್ನು ಬಿಟ್ಟು ಉಳಿದದ್ದೆಲ್ಲ ಮಾಡಿ, ವರದಿ ಬರೆಯಬೇಕು. ವರದಿಯ ನಮೂನೆಯಲ್ಲಿ ಮೊದಲನೇ ಕಲಂ 'ನಿಲ್ಲಿಸಿದವರ ಹೆಸರು', ಎರಡನೆಯದು 'ನಿಲ್ಲಿಸಿದ ದಿನಾಂಕ'. ನನ್ನ ಜೊತೆಯ ತಿಪ್ಪೇಶಿ ಸಿನಿಮಾ ಟಾಕೀಸಿನ ಪ್ರೊಜೆಕ್ಟರ್ ಹಿಡಿದುಕೊಂಡ. ನಾನು ನಮ್ಮ ಗಿರಣಿ ಎಂದು ಬರೆದುಕೊಟ್ಟು ಬಂದು ಅಮ್ಮನಿಗೆ ಹೇಳಿದೆ.

ಅಮ್ಮ ರೊಟ್ಟಿ ತಟ್ಟುವುದನ್ನು ನಿಲ್ಲಿಸಿದಳು. "ಬೇರೆ ಮಷೀನ್ ಸಿಗ್ಲಿಲ್ವಾ ನಿಂಗೆ?"

"ಕೆಡಿಸಲ್ಲಮ್ಮ. ಕ್ಲೀನ್ ಮಾಡಿ, ಗ್ರೀಸ್ ಹಾಕಿ, ಒಳಗೆ ತಂತಿ ಸುತ್ತು ಹೆಂಗಿದೆ ಅಂತ ನೋಡ್ತೀನಿ ಅಷ್ಟೇ."

"ಕಲ್ಲು ತೊಳ್ಕೋ, ಬೆಲ್ಟ್ ಬದಲಾಯಿಸ್ಕೋ. ಗೋಡೆ ಮೇಲಿನ ಬೋರ್ಡ್ ತಂಟೆಗೆ ಹೋಗ್ಬೇಡ. ಶಾಕ್ ಹೊಡೀತದೆ."

ನಾಲ್ಕು ವರ್ಷ ಕರೆಂಟನ್ನೇ ಓದಿದವಳಿಗೆ ಶಾಕ್ ಹೊಡೆಯುತ್ತದೆ ಎಂದು ಹೇಳಿದ್ದಕ್ಕೆ ನನಗೆ ನಗು ಬಂತು. ಹೂಂ ಎಂದೆ.

ಎರಡು ತಿಂಗಳು ಕೆಲಸ ಮಾಡಿದೆ. ಬೀಸುವ ಕಲ್ಲುಗಳನ್ನು ಇಳಿಸಿ ಉಳಿಯಿಂದ ಹಲ್ಲು ಕಡಿಸಿದೆ. ಇಲಿ ಕಡಿದ ಬೆಲ್ಟು ಬದಲಾಯಿಸಿದೆ. ಬೇರಿಂಗುಗಳನ್ನು ಸೀಮೆಎಣ್ಣೆಯಲ್ಲಿ ತೊಳೆದು ಹೊಸ ಗ್ರೀಸ್ ತುಂಬಿದೆ. ಮೋಟಾರಿನ ಸುತ್ತುಗಳನ್ನು ಕಾಲೇಜಿನಿಂದ ಮೆಗ್ಗರ್ ಎಂಬ ಮೀಟರು ತಂದು ಪರೀಕ್ಷಿಸಿದರೆ ಹೊಸದರಂತೆ ರೀಡಿಂಗ್ ಕೊಟ್ಟವು. ಮೊಳೆಯ ಮೇಲಿನ ಟೊಪ್ಪಿಗೆಯನ್ನೂ, ಅದರ ಕೆಳಗೆ ಹಲಗೆಯ ಮೇಲಿದ್ದ ಒಂದು ಬಾಚಣಿಗೆಯನ್ನೂ ಧೂಳು ಒರೆಸಿ ಅಲ್ಲೇ ಇಟ್ಟೆ. ಬಾಚಣಿಗೆ ನಾನೇ ಐದನೇ ಕ್ಲಾಸಿನಲ್ಲಿ ಶಾಲೆಯ ಟೂರಿಗೆ ಹೋಗಿದ್ದಾಗ ಅಣೆಕಟ್ಟಿನ ಹತ್ತಿರ ಅಪ್ಪನಿಗೆಂದು ಕೊಂಡು ತಂದದ್ದು, ಪ್ಲಾಸ್ಟಿಕ್ ಕವರಿನೊಳಗೇ ಇತ್ತು. ಅಮ್ಮ ಪ್ರತಿದಿನ ಬೆಳಿಗ್ಗೆ ಬಂದು ಹಸಿರು ಗುಂಡಿ ಒತ್ತುವುದು ಇದರ ಮಧ್ಯೆಯೂ ನಡೆದೇ ಇತ್ತು. ನಾನೀಗ ಅವಳ ಪಕ್ಕ ನಿಲ್ಲುತ್ತಿರಲಿಲ್ಲ. ಐದನೇ ಕ್ಲಾಸಿನ ಹೊತ್ತಿಗೇ ಆ ಅಭ್ಯಾಸ ಬಿಟ್ಟುಹೋಗಿತ್ತು, ಜಡೆ ಹಾಕಿಕೊಳ್ಳುತ್ತ ಒಳಗಿನಿಂದಲೇ ಕೇಳುತ್ತಿದ್ದೆ, "ಇದಾರಾ?" "ಇದಾರೆ."

ವರದಿಗೆ ಒಂದೇ ಪುಟ ಬಾಕಿ ಇತ್ತು, ಬೋರ್ಡಿನ ಪುಟ. ಅದನ್ನು ಖಾಲಿ ಬಿಟ್ಟರೆ ಖಲಂದರ್ ಸಾಹೇಬರು ಸಹಿ ಹಾಕುವವರಲ್ಲ. ಒಂದು ಗುರುವಾರ ಮಧ್ಯಾಹ್ನ, ಅಮ್ಮ ಕೆಲಸಕ್ಕೆ ಹೋಗಿದ್ದಾಗ, ಮೇನ್ ಆಫ್ ಮಾಡಿ ಪಿಂಗಾಣಿಯ ಮೂರು ಫ್ಯೂಸುಗಳನ್ನೂ ಎಳೆದು ತೆಗೆದೆ. ಮೂರರಲ್ಲೂ ತಂತಿ ಇರಲಿಲ್ಲ.

ಫ್ಯೂಸು ಸುಟ್ಟು ಹೋಗಿದ್ದರೆ ಪಿಂಗಾಣಿಯ ಮೇಲೆ ಕಪ್ಪು ಮಸಿ, ತಾಮ್ರದ ಸಣ್ಣ ಮಣಿ ಕಾಣಬೇಕು. ಇವು ಬೆಳ್ಳಗಿದ್ದವು. ಯಾರೋ ತಂತಿ ಬಿಚ್ಚಿ, ಸ್ಕ್ರೂಗಳನ್ನು ಮತ್ತೆ ಬಿಗಿದು, ಜಾಗಕ್ಕೆ ಸಿಕ್ಕಿಸಿ ಇಟ್ಟಿದ್ದರು. ಅಚ್ಚುಕಟ್ಟಾದ ಕೆಲಸ. ಅಪ್ಪ ಅಚ್ಚುಕಟ್ಟಿನ ಮನುಷ್ಯ, ಹೋಗುವ ಮುಂಚೆ ಅವರೇ ಬಿಚ್ಚಿಟ್ಟು ಹೋಗಿರಬೇಕು ಎಂದುಕೊಂಡೆ. ಆಮೇಲೆ ಕೂತಲ್ಲೇ ಕೂತುಬಿಟ್ಟೆ. ಅಮ್ಮ ದಿನಾ ಒತ್ತುತ್ತಿದ್ದ ಗುಂಡಿಗೂ ಮೋಟಾರಿಗೂ ಸಂಬಂಧವೇ ಇರಲಿಲ್ಲ. ಗಿರಣಿ ನಿಂತಿತ್ತು, ನಿಜ. ಅಪ್ಪ ಇದ್ದರೂ ನಿಲ್ಲುತ್ತಿತ್ತು, ಇಲ್ಲದಿದ್ದರೂ ನಿಲ್ಲುತ್ತಿತ್ತು. ಪಟ್ಟಿಯ ಒಂದನೇ ಕಾರಣ. ಇಡೀ ಊರಿನಲ್ಲಿ ಇಂಥ ತಪ್ಪು ಎಷ್ಟು ಮನೆಯಲ್ಲಿದೆಯೋ ಎಂದು ಯೋಚಿಸಿದೆ. ಸೊನ್ನೆಯ ಭಕ್ತರು ನಾವು, ಒಂದನ್ನು ನೋಡಿದವರಿಲ್ಲ.

ಹೊಸ ತಂತಿ ಹಾಕಿದೆ. ಮೇನ್ ಆನ್ ಮಾಡಿದೆ. ಟೆಸ್ಟ್ ಲ್ಯಾಂಪು ಹಿಡಿದು ನೋಡಿದರೆ ಮೂರು ಲೈನಿನಲ್ಲೂ ಕರೆಂಟು ಇತ್ತು. ಈಗ ಹಸಿರು ಗುಂಡಿ ಒತ್ತಿದರೆ ಬರುವ ಉತ್ತರ ನಿಜವಾದ ಉತ್ತರ. ಅಮ್ಮ ಬರುವವರೆಗೆ ಕಾಯೋಣವೆನಿಸಿತು, ಬೇಡವೆನಿಸಿತು; ತಿರುಗಿಬಿಟ್ಟರೆ ಮೊದಲು ನನಗೆ ಗೊತ್ತಾಗಲಿ, ಆಮೇಲೆ ಅವಳಿಗೆ ಹೇಗೆ ಹೇಳುವುದೆಂದು ನೋಡೋಣ ಎಂದುಕೊಂಡು ಒತ್ತಿದೆ.

ಟಕ್ ಎಂದಿತು. ಬೆಲ್ಟು ಅಲುಗಾಡಲಿಲ್ಲ.

ಇನ್ನೊಮ್ಮೆ ಒತ್ತಿದೆ. ಟಕ್. ಮೋಟಾರಿನ ಕೊನೆಯವರೆಗೂ ಲ್ಯಾಂಪು ಉರಿಯುತ್ತಿದೆ, ಬೇರಿಂಗು ಬೆರಳಲ್ಲಿ ತಳ್ಳಿದರೆ ತಿರುಗುತ್ತಿದೆ, ಒಂಬತ್ತು ಕಾರಣಗಳಲ್ಲಿ ಒಂದೂ ಇಲ್ಲ. ಉಳಿದದ್ದು ಸೊನ್ನೆ. ಅಪ್ಪ ಬದುಕಿದ್ದಾರೆ! ನಾನು ಗಿರಣಿಯ ನೆಲದ ಮೇಲೆ ಕೂತು ಒಬ್ಬಳೇ ನಕ್ಕೆ. ಆ ಟಕ್ ಶಬ್ದ ನನಗೆ ಚೆನ್ನಾಗಿ ನೆನಪಿತ್ತು, ಏಳು ವರ್ಷದವಳು ಕೇಕೆ ಹಾಕುತ್ತಿದ್ದದ್ದು ಅದಕ್ಕೇ. ಫ್ಯೂಸಿನಲ್ಲಿ ತಂತಿಯಿಲ್ಲದೆ ಸ್ಟಾರ್ಟರು ಟಕ್ ಎನ್ನುವುದಿಲ್ಲ; ಅಪ್ಪ ಅಂದೇ ತಂತಿ ಬಿಚ್ಚಿ ಹೋಗಿದ್ದರೆ ಆ ಶಬ್ದ ನನಗೆ ನೆನಪಿರುವುದು ಹೇಗೆ ಎಂದು ಯೋಚಿಸಬೇಕಿತ್ತು. ಮೂರು ಫ್ಯೂಸುಗಳು ಕಣ್ಣೆದುರಿಗಿದ್ದವು, ತಲೆಯಲ್ಲಿ ನಾಲ್ಕು ವರ್ಷದ ಓದಿತ್ತು. ಯೋಚಿಸಲಿಲ್ಲ. ಸಂತೋಷ ಬಂದಾಗ ನಾನು ಅಷ್ಟೇನೂ ಒಳ್ಳೆಯ ವಿದ್ಯಾರ್ಥಿಯಲ್ಲ.

ಶುಕ್ರವಾರ ಖಲಂದರ್ ಸಾಹೇಬರು ವರದಿಯನ್ನು ಕೊನೆಯಿಂದ ಮೊದಲಿಗೆ ಓದಿದರು, ಅದು ಅವರ ಪದ್ಧತಿ. ಬೋರ್ಡಿನ ಪುಟಕ್ಕೆ ಬಂದಾಗ, "ಭೇಷ್, ಒಂದನೇ ಕಾರಣ ನೋಡಿದ್ದೀಯ," ಎಂದರು. ಮೊದಲನೇ ಕಲಮಿಗೆ ಬಂದು ಪೆನ್ನು ನಿಲ್ಲಿಸಿದರು. "ನಿಲ್ಲಿಸಿದವರ ಹೆಸರು, ರೇವಣ್ಣ. ನೋಡಿದ್ದೀಯಾ?"

"ಬಾಗಿಲಲ್ಲೇ ನಿಂತಿದ್ದೆ ಸಾರ್. ಕೆಂಪು ಗುಂಡಿ ಒತ್ತಿದ್ದು ಕಣ್ಣಾರೆ ನೋಡಿದ್ದೀನಿ."

"ಆಮೇಲೆ?"

"ಆಮೇಲೆ ಶುರುವೇ ಆಗಿಲ್ಲ ಸಾರ್."

ಅವರು ಕನ್ನಡಕದ ಮೇಲಿನಿಂದ ನನ್ನನ್ನು ನೋಡಿ ಸಹಿ ಹಾಕಿದರು. "ಸೋಮವಾರ ಹನ್ನೊಂದಕ್ಕೆ ಹೊರಗಿನ ಪರೀಕ್ಷಕರನ್ನ ನಿಮ್ಮನೆಗೇ ಕರ್ಕೊಂಡು ಬರ್ತೀನಿ. ವರ್ಷಕ್ಕೊಂದ್ಸಲ ಬರೋದು ಅವ್ರು. ತಪ್ಪಿಸಿದ್ರೆ ಮುಂದಿನ ವರ್ಷಾನೇ."

ನಾನು ತಪ್ಪಿಸುವುದೆಂದು ಆಗಲೇ ತೀರ್ಮಾನಿಸಿದ್ದೆ. ತಿಪ್ಪೇಶಿಯ ಸೋದರಮಾವ ಲಾರಿ ಓಡಿಸುತ್ತಿದ್ದ. ಹೋದ ವರ್ಷ ಯಾವುದೋ ಬಂದರಿನ ಐಸ್ ಫ್ಯಾಕ್ಟರಿಯಲ್ಲಿ ರೇವಣ್ಣ ಎಂಬ ನಮ್ಮ ಕಡೆಯ ಮನುಷ್ಯನನ್ನು ನೋಡಿದೆ ಎಂದಿದ್ದ. ಆ ಹೆಸರಿನವರು ಎಷ್ಟೋ ಜನ ಎಂದು ನಾನು ಕಿವಿಗೆ ಹಾಕಿಕೊಂಡಿರಲಿಲ್ಲ. ಈಗ ಅದೇ ಮಾತು ಬೆಳಗಿನಿಂದ ಸಂಜೆಯವರೆಗೆ ಕಿವಿಯಲ್ಲಿ ಕೂತಿತು. ಆ ಕಡೆಗೆ ವಾರಕ್ಕೊಂದೇ ಬಸ್ಸು, ಭಾನುವಾರ ಬೆಳಿಗ್ಗೆ ಎಂಟಕ್ಕೆ. ಪದವಿ ಒಂದು ವರ್ಷ ಕಾದರೆ ಏನೂ ಆಗುವುದಿಲ್ಲ. ಐಸ್ ಫ್ಯಾಕ್ಟರಿಯ ಮನುಷ್ಯ ಕಾಯುತ್ತಾನೆಂದು ಏನು ಖಾತರಿ? ಬೋರ್ಡು ಮುಟ್ಟಿದ್ದು ಅಮ್ಮನಿಗೆ ಗೊತ್ತಾಗದಿರಲೆಂದು ಶುಕ್ರವಾರವೂ ಶನಿವಾರವೂ ಅವಳು ಏಳುವ ಮುಂಚೆ ಹೊಸ ತಂತಿಗಳನ್ನು ಮೆಲ್ಲಗೆ ಬಿಚ್ಚಿಟ್ಟು ಬೆಳಗಿನ ಗುಂಡಿ ಎಂದಿನಂತೆ ಮುಗಿಯಲು ಬಿಟ್ಟೆ. ಆಮೇಲೆ ಮತ್ತೆ ಹಾಕಿದೆ. ಎಲ್ಲವನ್ನೂ ಹೊರಡುವಾಗ ಒಟ್ಟಿಗೇ ಹೇಳಬೇಕೆಂದಿದ್ದೆ.

ಭಾನುವಾರ ಆರು ಗಂಟೆಗೆ ಅಮ್ಮ ಎದ್ದು ಬಂದಾಗ ಬಾಗಿಲ ಹತ್ತಿರ ನನ್ನ ಬ್ಯಾಗಿತ್ತು.

"ಎಲ್ಲಿಗೆ?"

ಹೇಳಿದೆ. ಫ್ಯೂಸಿನಲ್ಲಿ ತಂತಿ ಇರಲಿಲ್ಲವೆಂದೂ, ಇಷ್ಟು ವರ್ಷ ಅವಳು ಒತ್ತಿದ್ದಕ್ಕೆ ಅರ್ಥವಿರಲಿಲ್ಲವೆಂದೂ, ಈಗ ನಾನು ಸರಿ ಮಾಡಿ ಒತ್ತಿದ್ದೇನೆಂದೂ, ಅಪ್ಪ ಇದ್ದಾರೆಂದೂ, ಬಂದರಿನಲ್ಲಿ ಇರಬಹುದೆಂದೂ, ಕರೆದುಕೊಂಡೇ ಬರುತ್ತೇನೆಂದೂ ಒಂದೇ ಉಸಿರಿಗೆ ಹೇಳಿದೆ. ಅವಳು ಕುಣಿದಾಡಬಹುದು ಅಥವಾ ಅಳಬಹುದು ಎಂದುಕೊಂಡಿದ್ದೆ. ಅವಳು ಗೋಡೆ ಹಿಡಿದು ನಿಂತಳು.

"ನೀನ್ ಒತ್ತಿದ್ಯಾ?"

"ಒತ್ತಿದೆ."

"ತಿರುಗ್ಲಿಲ್ಲ."

"ಇಲ್ಲ. ಎರಡ್ ಸಲ ನೋಡ್ದೆ. ಟಕ್ ಅಂತು ಅಷ್ಟೇ."

"ನಾಳೆ ಪರೀಕ್ಷೆ?"

"ಮುಂದಿನ ವರ್ಷ ಬರೀತೀನಮ್ಮ. ಅಪ್ಪ ಸಿಕ್ಕಿದ್ರೆ ಸಾಕಲ್ವಾ ನಿಂಗೆ?"

ಅಮ್ಮ ನನ್ನ ಬ್ಯಾಗನ್ನು ಬಾಗಿಲಿನಿಂದ ಪಕ್ಕಕ್ಕೆ ಸರಿಸಿದಳು. ಆಮೇಲೆ ಸೆರಗಿಗೆ ಕೈ ಒರೆಸಿಕೊಂಡು ಗಿರಣಿಯ ಕೋಣೆಗೆ ನಡೆದಳು. ನಾನು ಹಿಂದೆಯೇ ಹೋದೆ. ಅವಳು ಯಾವತ್ತಿನಂತೆ ಬೋರ್ಡಿನ ಮುಂದೆ ನಿಂತು, ಯಾವತ್ತಿನಂತೆ ಹೆಬ್ಬೆರಳಿನಿಂದ ಹಸಿರು ಗುಂಡಿ ಒತ್ತಿದಳು.

ಗಿರಣಿ ತಿರುಗಿತು.

ಮೊದಲು ಮೋಟಾರು ಗುಂಯ್ ಎಂದಿತು, ಬೆಲ್ಟು ಬಡಿಯಿತು, ಕಲ್ಲು ಗುಡುಗಿತು. ತೊಲೆಯ ಮೇಲಿನ ಹಿಟ್ಟಿನ ಧೂಳೆಲ್ಲ ಉದುರಿ ನಮ್ಮಿಬ್ಬರ ತಲೆಯ ಮೇಲೆ ಬಿತ್ತು. ಮೊಳೆಯ ಮೇಲಿನ ಟೊಪ್ಪಿಗೆ ಅಲುಗಾಡತೊಡಗಿತು. ನನಗೆ ಒಂದು ಕ್ಷಣ ಏನೂ ಅರ್ಥವಾಗಲಿಲ್ಲ. ಗುರುವಾರ ನನ್ನ ಕೈಗೆ ತಿರುಗದ್ದು ಇವತ್ತು ಅವಳ ಕೈಗೆ ತಿರುಗಿದೆ. ಗುರುವಾರದಿಂದ ಇವತ್ತಿನೊಳಗೆ ಅಪ್ಪ ಹೋಗಿಬಿಟ್ಟರೇ ಎಂದು ಕಿರುಚಿದೆ. ಅಮ್ಮ ಇಲ್ಲವೆಂದು ತಲೆಯಾಡಿಸಿದಳು. ಗಿರಣಿಯವರು ಗಿರಣಿ ತಿರುಗುವಾಗ ಮಾತಾಡಬೇಕೆಂದರೆ ಕೂಗಿಯೇ ಆಡಬೇಕು. ಅಮ್ಮ ನನಗೆ ಅಪ್ಪನ ಸಾವನ್ನು ಕೂಗಿ ಹೇಳಿದಳು.

"ಐದ್ನೇ ಕ್ಲಾಸು ನೀನು! ಡ್ಯಾಮ್ ನೋಡಕ್ಕೆ ಹೋಗಿದ್ಯಲ್ಲ, ಎರಡ್ ದಿನ! ಅವತ್ತು ಬೆಳಿಗ್ಗೆ ಒತ್ತಿದೆ! ತಿರುಗ್ಬಿಡ್ತು!"

"ಯಾರೂ ಕೇಳಿಸ್ಕೊಳ್ಲಿಲ್ವಾ?"

"ಬೆಲ್ಟು ಎರಡ್ ಸುತ್ತು ಬಂತೋ ಇಲ್ವೋ, ಕೆಂಪು ಒತ್ತಿಬಿಟ್ಟೆ! ನಾನೇ ನಿಲ್ಸಿದ್ದು!"

ನಿಲ್ಲಿಸಿದ್ದು ಅವಳು. ಅಂದಿನಿಂದ ಗಿರಣಿ ಅವಳ ಕೈಯಲ್ಲಿತ್ತು. ನನ್ನ ಕೈಗೆ ತಿರುಗದಿದ್ದದ್ದು ಅಮ್ಮ ಬದುಕಿದ್ದಾಳೆ ಎಂಬುದಕ್ಕೆ ಸಾಕ್ಷಿಯಾಗಿತ್ತೇ ಹೊರತು ಬೇರೇನಕ್ಕೂ ಅಲ್ಲ. ಮಾರನೆಯ ದಿನದಿಂದ ಅವಳು ಹಸಿರು ಗುಂಡಿ ಒತ್ತಿದರೆ ತಿರುಗಿಬಿಡುತ್ತಿತ್ತು, ಅದಕ್ಕೇ ಫ್ಯೂಸಿನ ತಂತಿ ಬಿಚ್ಚಿದ್ದಳು. ಬಿಚ್ಚುವುದನ್ನು ಮದುವೆಯಾದ ಹೊಸದರಲ್ಲಿ ಅಪ್ಪನೇ ಕಲಿಸಿದ್ದರಂತೆ. ಸೊನ್ನೆ ನೋಡದೆ ಒಂದಕ್ಕೆ ಹೋಗಬೇಡಿ ಎಂದು ಮೇಷ್ಟ್ರು ಮೊದಲ ದಿನವೇ ಹೇಳಿದ್ದರು. ನಾನು ಒಂಬತ್ತನ್ನೂ ನೋಡಿ ಸೊನ್ನೆಯನ್ನು ಮಾತ್ರ ಏಳು ವರ್ಷದ ಹುಡುಗಿಯ ಮಾತಿನ ಮೇಲೆ ಬರೆದುಕೊಂಡಿದ್ದೆ.

"ಯಾಕಮ್ಮ ಹೇಳ್ಲಿಲ್ಲ ನಂಗೆ?"

"ಟೂರಿಂದ ಬಂದೋಳು ಚಪ್ಲಿನೂ ಬಿಟ್ಟಿರ್ಲಿಲ್ಲ, 'ಅಮ್ಮಾ, ನಿನ್ನೆ ಇವತ್ತು ನಾನಿರ್ಲಿಲ್ಲ, ಅಪ್ಪ ಇದಾರಾ' ಅಂದೆ! ಕೈಯಲ್ಲಿ ಆ ಬಾಚಣಿಗೆ ಹಿಡ್ಕೊಂಡಿದ್ದೆ! ಇದಾರೆ ಅಂದ್ಬಿಟ್ಟೆ ಕಣೇ! ಒಂದ್ಸಲ ಅಂದ್ಮೇಲೆ ವಾಪಸ್ ತಗೊಳ್ಳೋದು ಹೆಂಗೆ? ದಿನಾ ಕೇಳ್ತಿದ್ದೆ ನೀನು! ಇದಾರಾ, ಇದಾರಾ ಅಂತ!"

ಅಪ್ಪನಿಗಾಗಿ ಅಳಬೇಕೆಂದು ಪ್ರಯತ್ನಿಸಿದೆ. ಟೊಪ್ಪಿಗೆ ಬಿಟ್ಟರೆ ನನಗೆ ಅವರದೇನೂ ಸ್ಪಷ್ಟವಾಗಿ ನೆನಪಿರಲಿಲ್ಲ. ಅಳು ಬಂದದ್ದು ಅಮ್ಮನಿಗಾಗಿ. ಹನ್ನೊಂದು ವರ್ಷ ಪ್ರತಿದಿನ ಬೆಳಿಗ್ಗೆ ಸತ್ತ ಗಂಡನನ್ನು ನನಗೋಸ್ಕರ ಬದುಕಿಸಿ, ಆಮೇಲೆ ಕಾಫಿಗೆ ಇಟ್ಟಿದ್ದಳು. ಅವಳಿಗೆ ಯಾರೂ ಸಮಾಧಾನ ಹೇಳಿರಲಿಲ್ಲ, ಯಾಕೆಂದರೆ ಯಾರಿಗೂ ಗೊತ್ತಿರಲಿಲ್ಲ. ನಾನು ಜಡೆ ಹಾಕಿಕೊಳ್ಳುತ್ತ ಒಳಗಿನಿಂದ ಕೇಳುತ್ತಿದ್ದ ಆ ಒಂದು ಪದ ನೆನೆದು ನನಗೆ ನಾಚಿಕೆಯಾಯಿತು.

ಓಣಿಯವರಿಗೆ ಯಾರೂ ಹೇಳಿಕಳಿಸಬೇಕಾಗಲಿಲ್ಲ. ಹದಿನಾಲ್ಕು ವರ್ಷ ನಿಂತ ಗಿರಣಿ ತಿರುಗಿತೆಂದರೆ ನಮ್ಮೂರಿನಲ್ಲಿ ಅದಕ್ಕೆ ಒಂದೇ ಅರ್ಥ. ಒಬ್ಬೊಬ್ಬರಾಗಿ ಬಂದು ಚಪ್ಪಲಿ ಬಿಟ್ಟು ಒಳಗೆ ನಿಂತರು. ಯಾವತ್ತು ಹೋದರು ಎಂದು ಯಾರೂ ಕೇಳಲಿಲ್ಲ, ಇವತ್ತೇ ಎಂದುಕೊಂಡರು. ಅಮ್ಮ ತಿದ್ದಲಿಲ್ಲ. ಬಸಕ್ಕ ಮಾತ್ರ ಕೈಯಲ್ಲಿ ಒಂದು ಮೊರ ರಾಗಿ ಹಿಡಿದು ಬಂದು ಅದನ್ನು ಗಿರಣಿಯ ಬಾಯಿಗೆ ಸುರಿದಳು. "ಕಲ್ಲು ಬರಿದೇ ತಿರುಗ್ಬಾರ್ದು ಕಣವ್ವ," ಎಂದು ಕೂಗಿ, ಅಮ್ಮನ ಹೆಗಲ ಮೇಲೆ ಕೈಯಿಟ್ಟು ನಿಂತಳು. ಅಮ್ಮ ಆಗ ಅತ್ತಳು. ಅವಳ ಅಳು ಯಾರಿಗೂ ಕೇಳಿಸಲಿಲ್ಲ, ಹೆಗಲು ಅಲುಗಾಡುವುದಷ್ಟೇ ಕಂಡಿತು.

ರಾಗಿ ಮುಗಿದಾಗ ಅಮ್ಮ ನನ್ನ ಕಿವಿಯ ಹತ್ತಿರ ಬಾಯಿ ತಂದು, "ಇನ್ ನೀನ್ ನಿಲ್ಸು," ಎಂದಳು. ನಾನು ಕೆಂಪು ಗುಂಡಿ ಒತ್ತಿದೆ. ಕಲ್ಲು ನಿಧಾನವಾಗಿ ನಿಂತಿತು. ಎಂಟರ ಬಸ್ಸು ಆ ಹೊತ್ತಿಗೆ ಹೋಗಿಯಾಗಿತ್ತು.

ಮಧ್ಯಾಹ್ನ ಜನರೆಲ್ಲ ಹೋದ ಮೇಲೆ ವರದಿ ತೆಗೆದು ಮೊದಲನೇ ಕಲಮಿನಲ್ಲಿ ರೇವಣ್ಣ ಎಂಬುದನ್ನು ಹೊಡೆದು ಹಾಕಿ ಸಿದ್ಧಗಂಗಮ್ಮ ಎಂದು ಬರೆದೆ. ದಿನಾಂಕ ಅಮ್ಮ ಹೇಳಿದಳು. ಆಮೇಲೆ ಅದನ್ನೂ ಹೊಡೆದು ದಾಕ್ಷಾಯಿಣಿ ಎಂದು ಬರೆದೆ, ಆ ಭಾನುವಾರದ ತಾರೀಖು ಹಾಕಿದೆ. ಖಲಂದರ್ ಸಾಹೇಬರ ಮನೆಗೆ 'ಸೊನ್ನೆ ತಪ್ಪಾಗಿತ್ತು, ತಿದ್ದಿದ್ದೇನೆ, ನಾಳೆ ಬನ್ನಿ' ಎಂದು ಚೀಟಿ ಕಳಿಸಿದೆ. 'ಗೊತ್ತಾಯಿತು. ಅಮ್ಮನಿಗೆ ಸಲಾಂ ಹೇಳು' ಎಂದು ಅದರ ಹಿಂದೆಯೇ ಬರೆದು ಕಳಿಸಿದರು.

ಸೋಮವಾರ ಬೆಳಿಗ್ಗೆ ನನಗೆ ಎಚ್ಚರವಾದಾಗ ಅಮ್ಮ ಪಕ್ಕದಲ್ಲಿರಲಿಲ್ಲ. ಗಿರಣಿಯ ಕೋಣೆಯಲ್ಲಿ ಬಳೆಯ ಸದ್ದಾಯಿತು. ಪಾಪ, ಹದಿನಾಲ್ಕು ವರ್ಷದ ಅಭ್ಯಾಸ, ಹೋಗಿ ನಿಂತಿದ್ದಾಳೆ ಎಂದುಕೊಂಡೆ. ಈಗ ಒತ್ತಿ ತಿಳಿದುಕೊಳ್ಳಲು ಏನೂ ಉಳಿದಿಲ್ಲವೆಂದು ಅವಳಿಗೆ ಎದ್ದು ಹೋಗಿ ಹೇಳಬೇಕೆನ್ನುವಷ್ಟರಲ್ಲಿ ಕೇಳಿಸಿತು.

ಟಕ್.

ಬೆಲ್ಟು ಅಲುಗಾಡಲಿಲ್ಲ. ಆಮೇಲೆ ಅಮ್ಮ ನಕ್ಕಳು. ಅವಳು ಹಾಗೆ ಗಟ್ಟಿಯಾಗಿ ನಕ್ಕದ್ದನ್ನು ನಾನು ಯಾವತ್ತೂ ಕೇಳಿರಲಿಲ್ಲ.

"ಇದೀಯ ಕಣೇ ನೀನು," ಎಂದು ಅಲ್ಲಿಂದಲೇ ಕೂಗಿದಳು. "ಎದ್ದು ಬಂದು ಶುರು ಮಾಡು. ಬಸಕ್ಕ ಜೋಳ ತಂದು ಕೂತಿದಾಳೆ, ಹನ್ನೊಂದಕ್ಕೆ ಪರೀಕ್ಷೆಯೋರು ಬರ್ತಾರೆ."